ಒಂದು ಚೀಲ ಹೂಳು ಸಾಕಾ?

ಮೊಳಕಾಲ್ಮೂರು ಕಡೆಯ ಮೇಷ್ಟ್ರೊಬ್ಬರು ಕೇಳಿದ್ದಾರೆ: “ಹೂವಿನ ಪರಾಗ ನೋಡಿ ಹಳೇ ಕಾಲದ ಕಾಡು ಹೇಗಿತ್ತೆಂದು ಹೇಳಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮೂರ ಕೆರೆಯ ಹೂಳು ತೆಗೆಯುತ್ತಿದ್ದಾರೆ. ಒಂದು ಚೀಲ ಕಳಿಸಿದರೆ, ಬ್ರಹ್ಮಗಿರಿಯ ಹಳಬರ ಕಾಲದಲ್ಲಿ ಇಲ್ಲಿ ಕಾಡಿತ್ತೋ ಬಯಲಿತ್ತೋ ಗೊತ್ತಾಗುತ್ತದಾ?”

ಮೇಷ್ಟ್ರೇ, ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ಆದರೆ ದಯವಿಟ್ಟು ಚೀಲ ಕಳಿಸಬೇಡಿ.

ಪರಾಗದ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಅದರ ಹೊರಗೋಡೆ ಬಲು ಗಟ್ಟಿ. ಲ್ಯಾಬಿನಲ್ಲಿ ಮರಳನ್ನೇ ಕರಗಿಸುವ ಆಮ್ಲ ಹಾಕಿದರೂ ಆ ಗೋಡೆ ಉಳಿಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣ ಗುರುತಿಸಿ ಎಣಿಸುತ್ತಾರೆ. ಯಾವ ಪದರದಲ್ಲಿ ಯಾವ ಗಿಡದ ಕಣ ನೂರಕ್ಕೆ ಎಷ್ಟು ಎಂಬ ಲೆಕ್ಕವನ್ನು 1916ರಲ್ಲಿ ಮೊದಲು ಚಿತ್ರವಾಗಿ ತೋರಿಸಿದವರು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್. ಪದರ ಅಂದೆನಲ್ಲ, ಜೀವಾಳವೇ ಅದು. ಜೆಸಿಬಿ ಬಾಯಿಗೆ ಸಿಕ್ಕ ಹೂಳಿನಲ್ಲಿ ಅಜ್ಜನ ಕಾಲದ್ದೂ ಮೊನ್ನೆಯದ್ದೂ ಕಲೆಸಿಹೋಗಿರುತ್ತದೆ.

ಇನ್ನೊಂದು ತೊಡಕು ನಮ್ಮ ಸೀಮೆಯದ್ದೇ. ಪರಾಗ ಉಳಿಯಬೇಕಾದರೆ ಕೆಸರು ಸದಾ ಒದ್ದೆಯಾಗಿರಬೇಕು, ಗಾಳಿ ತಾಗಬಾರದು. ನಮ್ಮ ಕೆರೆಗಳೋ ಬೇಸಿಗೆಯಲ್ಲಿ ಬಿರುಕು ಬಿಡುತ್ತವೆ. ನೆಂದು ಒಣಗಿ, ನೆಂದು ಒಣಗಿ ಕಣಗಳು ಹಾಳಾಗುತ್ತವೆ. ಅದೂ ಅಲ್ಲದೆ, ಕೆರೆಯ ಹೂಳು ಕೆರೆ ಕಟ್ಟಿದ ದಿನದಿಂದ ಈಚೆಗೆ ಮಾತ್ರ ಮಾತಾಡುತ್ತದೆ. 1947ರಲ್ಲಿ ಪುರಾತತ್ವಜ್ಞ ವೀಲರ್ ನಿಮ್ಮ ಕಡೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಸಿಕ್ಕ ಕಲ್ಲುಕೊಡಲಿಯ ಜನ ಮೂರು ಸಾವಿರ ವರ್ಷಕ್ಕೂ ಹಿಂದಿನವರು. ಅವರ ಕಾಲಕ್ಕೆ ನಿಮ್ಮ ಕೆರೆಯೇ ಇರಲಿಲ್ಲ, ಅಲ್ವಾ? ಅವರ ಬಗ್ಗೆ ಸುಟ್ಟ ಕಾಳು, ಇದ್ದಿಲು ಜಾಸ್ತಿ ಹೇಳುತ್ತವೆ. ದಕ್ಷಿಣದ ಅಂಥ ಹಳ್ಳಿಗಳಲ್ಲಿ ಹುರುಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ ಸಿಕ್ಕಿದ್ದು ಹೀಗೆಯೇ. ಪರಾಗದಲ್ಲಾದರೆ ಕೊರಲೆಯನ್ನೂ ಬಯಲ ಹುಲ್ಲನ್ನೂ ಬೇರೆ ಮಾಡುವುದು ಬಹಳ ಕಷ್ಟ.

ಹಾಗಂತ ನಿಮ್ಮ ಹೂಳು ಸುಮ್ನೆ ಮಣ್ಣಲ್ಲ. ದಾವಣಗೆರೆ ಕಡೆಯ ಹೊಲದಲ್ಲಿ ಸೂಲಂಗಿ ಅಲುಗಿಸಿದರೆ ಹಳದಿ ಪುಡಿ ಉದುರುತ್ತದಲ್ಲ, ಆ ಮೆಕ್ಕೆಜೋಳದ ಕಣ ಹುಲ್ಲಿನ ಜಾತಿಯಲ್ಲೇ ದೊಡ್ಡದು, ಗುರುತು ಸಿಗುತ್ತದೆ. ಮೆಕ್ಕೆಜೋಳ ಅಮೆರಿಕದಿಂದ ಬಂದದ್ದು. ಅದು ಕಂಡ ಪದರ ಕಳೆದ ಕೆಲವು ಶತಮಾನಗಳದ್ದೇ. ಕಾಂಗ್ರೆಸ್ ಗಿಡ ಕಂಡರೆ ಇನ್ನೂ ಈಚಿನದು, ಅದು ನಮ್ಮಲ್ಲಿ ಹಬ್ಬಿದ್ದು 1950ರ ದಶಕದ ನಂತರ. ಆದರೆ ಹುಣಸೆಯ ಕಣ ಕಡಿಮೆ ಸಿಕ್ಕರೆ ಹುಣಸೆಮರ ಇರಲಿಲ್ಲ ಎನ್ನಬೇಡಿ. ಅದರ ಪರಾಗ ಹೊರುವುದು ಹುಳ, ಗಾಳಿಯಲ್ಲ. ಹುಲ್ಲಿನ ಕಣವೋ ಗಾಳಿಯಲ್ಲಿ ರಾಶಿರಾಶಿ ಬರುತ್ತದೆ.

ಹಾಗಾಗಿ ಒಂದು ಕೆಲಸ ಮಾಡಿ. ಕೆರೆಯಂಗಳದಲ್ಲಿ ನೀರು ಕೊನೆಗೆ ಆರುವ ತಗ್ಗು ಎಲ್ಲಿದೆ ಎಂದು ಊರ ಹಿರಿಯರನ್ನು ಕೇಳಿ. ಅಲ್ಲಿ ಒಂದು ಮಂಚದಷ್ಟು ಜಾಗವನ್ನು ಅಗೆಯದೆ ಬಿಡಲು ಪಂಚಾಯಿತಿಯವರನ್ನು ಒಪ್ಪಿಸಿ. ಅರ್ಜಿ ಬರೆದುಕೊಡಲು ನಾನಿದ್ದೇನೆ. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಪರಾಗ ಓದುವವರಿದ್ದಾರೆ, ಅವರಿಗೂ ಕಾಗದ ಹಾಕೋಣ. ಜೆಸಿಬಿ ಆ ತಗ್ಗಿಗೆ ಯಾವತ್ತು ಇಳಿಯುತ್ತದೆ, ಬೇಗ ತಿಳಿಸಿ.

– ಸಂಪಾದಕ