ಅಪ್ಪ ಹೇಳಿದ್ದನ್ನೇ ಹೇಳುತ್ತಾರೆ, ಬಿ.ಎಡ್.ನಲ್ಲಿ ಓದಿದ ಎರಿಕ್ಸನ್ ಇಲ್ಲಿ ಉಪಯೋಗಕ್ಕೆ ಬರುತ್ತಾನೆಯೇ?

ತಾಯಿ ತೀರಿಹೋದ ಮೇಲೆ 74ರ ತಂದೆ ಹಗಲೆಲ್ಲ ಹಳೆಯದನ್ನೇ ಮಾತಾಡುತ್ತಾರೆ, ಕೊನೆಗೆ "ನನ್ನ ಜೀವನ ದಂಡವಾಯ್ತು" ಅನ್ನುತ್ತಾರೆ, ಬಿ.ಎಡ್.ನಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್ಸನ್‌ನ ಎಂಟು ಹಂತಗಳನ್ನು ಬಾಯಿಪಾಠ ಮಾಡಿದ್ದೆ, ಅದರಿಂದ ಅವರಿಗೇನಾದರೂ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ನಾನು ಹೆಚ್ಚಾಗಿ ಹಿರಿಯರ ಜೊತೆಗೇ ಕೆಲಸ ಮಾಡುವ ಆಪ್ತಸಮಾಲೋಚಕಿ. ಹುಟ್ಟಿನಿಂದ ಮುಪ್ಪಿನವರೆಗೆ ಬದುಕಿನ ಒಂದೊಂದು ಘಟ್ಟದಲ್ಲೂ ಎರಡು ಭಾವಗಳ ಎಳೆದಾಟವಿರುತ್ತದೆ ಎನ್ನುವ ಆ ಎಂಟು ಹಂತಗಳು ನನಗೆ ದಿನವೂ ಬೇಕಾಗುತ್ತವೆ, ಆದರೆ ಪರೀಕ್ಷೆಗೆ ಓದಿದ ರೀತಿಯಲ್ಲಲ್ಲ.

ನಮ್ಮಲ್ಲಿ ಎರಿಕ್ಸನ್ ಬರುವುದು ಮಕ್ಕಳಿಗೆ ಪಾಠ ಮಾಡುವವರ ಪಠ್ಯದಲ್ಲಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಗೈಡುಗಳಲ್ಲಿ. ಹಾಗಾಗಿ ಬಾಲ್ಯ, ಹದಿಹರೆಯಕ್ಕೆ ಪುಟಗಟ್ಟಲೆ ಜಾಗ, ಮುಪ್ಪಿಗೆ ಒಂದು ಸಾಲು: "ಸಮಗ್ರತೆ–ಹತಾಶೆ, 65ರ ನಂತರ". ಆ ಒಂದು ಸಾಲಿನಲ್ಲೇ ನಿಮ್ಮ ತಂದೆ ಇರುವುದು. ತಪ್ಪಿದ್ದು, ಕೈಬಿಟ್ಟದ್ದು ಎಲ್ಲ ಸೇರಿ ಇದು ನನ್ನದೇ ಬದುಕು ಎಂದು ಒಪ್ಪಿಕೊಳ್ಳುವುದು ಒಂದು ಕಡೆ. ಮತ್ತೆ ಮೊದಲಿನಿಂದ ಶುರುಮಾಡಲು ಕಾಲ ಉಳಿದಿಲ್ಲ ಎಂಬ ಸಂಕಟ ಇನ್ನೊಂದು ಕಡೆ. ಸಮಗ್ರತೆ ಎಂದರೆ ಪಾಸು, ಹತಾಶೆ ಎಂದರೆ ಫೇಲು ಅಂತಲ್ಲ. ಎರಡರ ಎಳೆದಾಟದಲ್ಲೇ ವಿವೇಕ ಹುಟ್ಟುತ್ತದೆ ಎಂಬುದು ಎರಿಕ್ಸನ್ ನಿಲುವು. "ಹಾಗೆಲ್ಲ ಅನ್ಬೇಡಪ್ಪ, ನಮ್ಮನ್ನೆಲ್ಲ ಓದಿಸಿಲ್ವಾ" ಎಂದು ನಾವು ಸಮಾಧಾನ ಮಾಡುತ್ತೇವಲ್ಲ, ಆ ಎಳೆದಾಟ ಅಲ್ಲಿಗೇ ನಿಂತುಬಿಡುತ್ತದೆ. ಅವರು ಸುಮ್ಮನಾಗುತ್ತಾರೆ. ಮರುದಿನ ಮತ್ತೆ ಅದೇ ಮಾತು.

ಹೇಳಿದ್ದನ್ನೇ ಹೇಳುವುದರ ಬಗ್ಗೆ ನಿಮಗೆ ಹೆಚ್ಚು ನೆರವಾಗುವವರು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್. ವಯಸ್ಸಾದವರು ಹಳೆಯದನ್ನು ಮೆಲುಕು ಹಾಕುವುದನ್ನು ಆಗ ಬಹಳಷ್ಟು ವೈದ್ಯರೂ ಅರಳುಮರಳಿನ ಲಕ್ಷಣ ಎಂದೇ ಎಣಿಸುತ್ತಿದ್ದರು. 1963ರಲ್ಲಿ ಬಟ್ಲರ್ ಅದನ್ನು ಅಲ್ಲಗಳೆದು ಬರೆದರು: ಸಾವು ಹತ್ತಿರವಾಗುತ್ತಿದೆ ಎಂದು ಗೊತ್ತಾದಾಗ ಮನಸ್ಸು ತಾನಾಗಿ ಹಿಂದಕ್ಕೆ ಹೊರಳುತ್ತದೆ, ಬಗೆಹರಿಯದೆ ಉಳಿದದ್ದೆಲ್ಲ ಮೇಲೆ ಬರುತ್ತದೆ, ಇದು ಸಹಜ. ಹೀಗೆ ಹಿಂದಿರುಗಿ ನೋಡುವಾಗ ಕೆಲವರು ಪಶ್ಚಾತ್ತಾಪದಲ್ಲಿ ಮುಳುಗಿಹೋಗಬಹುದು ಎಂದೂ ಎಚ್ಚರಿಸಿದರು. ಆಮೇಲೆ ಬಾರ್ಬರಾ ಹೈಟ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ಇದಕ್ಕೊಂದು ಕ್ರಮ ತಂದರು. ಕೇಳುವವರು ಒಬ್ಬರೇ, ವಾರಕ್ಕೊಮ್ಮೆ ಕೂತು, ಬಾಲ್ಯದಿಂದ ಇವತ್ತಿನವರೆಗೆ ಒಂದೊಂದೇ ಕಾಲವನ್ನು ಕೇಳುತ್ತಾ ಬರುವುದು, ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುವುದು. ಎರಿಕ್ಸನ್ ಹಂತಗಳು ಅಲ್ಲಿ ಪ್ರಶ್ನೆಗಳಾಗುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಂಡ್ಯ ಕಡೆಯ ಹಿರಿಯರೊಬ್ಬರು. ಅಣ್ಣತಮ್ಮಂದಿರು ಪಾಲಾದ ದಿನದ ಕಥೆ ಬಿಟ್ಟರೆ ಬೇರೆ ಮಾತಿಲ್ಲ. "ನೀರಾವರಿ ಜಮೀನು ಅವನಿಗೋಯ್ತು, ನಾನು ಪೆದ್ದನಂಗೆ ಸೈನ್ ಹಾಕ್ಬುಟ್ಟೆ." ಮಕ್ಕಳಿಗೆ ಕೇಳಿ ಕೇಳಿ ಸಾಕಾಗಿತ್ತು. ನಾನು ಜಮೀನಿನ ಮಾತು ಎತ್ತದೆ, "ಆವತ್ತು ಮನೇಲಿ ಯಾರ್ಯಾರಿದ್ರು?" ಎಂದು ಕೇಳಿದೆ. ಪಂಚಾಯ್ತಿಗೆ ಬಂದವರ ಹೆಸರನ್ನೆಲ್ಲ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ವ ಹಿತ್ಲ ಬಾಗ್ಲಲ್ಲಿ ನಿಂತಿದ್ಲು" ಅಂದರು. ಅವ್ವ ಯಾರ ಪಾಲಿಗೆ ಎಂಬ ಮಾತು ಬಂದಾಗ ಎಲ್ಲರೂ ನೆಲ ನೋಡಿದರಂತೆ. ಇವರು "ಅವ್ವ ನನ್ ಜೊತೆ ಇರ್ಲಿ" ಎಂದು, ಜಮೀನಿನ ಮಾತು ಬೆಳೆಸದೆ ಸಹಿ ಹಾಕಿದ್ದರು. ಇಷ್ಟು ವರ್ಷ ಹೇಳಿದ ಕಥೆಯಲ್ಲಿ ಅವ್ವ ಇರಲೇ ಇಲ್ಲ. ಜಮೀನು ಹೋದ ನೋವು ಆಮೇಲೂ ಇತ್ತು, ಆದರೆ "ಪೆದ್ದ" ಎಂದು ತಮ್ಮನ್ನು ಬೈದುಕೊಳ್ಳುವುದು ಕಡಿಮೆಯಾಯಿತು.

ಹೊಸದಾಗಿ ನಾನೇನೂ ಸೇರಿಸಲಿಲ್ಲ ನೋಡಿ. ನಿಮ್ಮ ತಂದೆಯವರೂ ಒಂದೇ ಕಥೆಗೆ ಮರಳುತ್ತಿದ್ದರೆ ಅದನ್ನು ತಡೆಯಬೇಡಿ. ಅವರು ಎಂದೂ ಹೇಳದ ಮೂಲೆಯ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಿ. ಯಾರಿದ್ದರು, ಆಗ ನಿಮಗೆಷ್ಟು ವಯಸ್ಸು, ಆ ರಾತ್ರಿ ಎಲ್ಲಿ ಮಲಗಿದಿರಿ, ಇಂಥವು. "ಯಾಕೆ ಹಾಗೆ ಮಾಡಿದಿರಿ" ಎಂದು ಮಾತ್ರ ಕೇಳಬೇಡಿ, ಅದು ವಿಚಾರಣೆಯಾಗುತ್ತದೆ. ಇನ್ನೊಂದು ಗಮನಿಸಿ, ನಮ್ಮ ಹಿರಿಯರಿಗೆ "ನನ್ನ ಜೀವನ" ಎಂದರೆ ತಾವೊಬ್ಬರೇ ಅಲ್ಲ. ತಂಗಿಯ ಮದುವೆಯ ಸಾಲ, ತಮ್ಮನ ಓದು ಎಲ್ಲ ಅದರಲ್ಲೇ ಸೇರಿರುತ್ತದೆ. ನನಗೆ ಏನು ಸಿಕ್ಕಿತು ಎನ್ನುವುದಕ್ಕಿಂತ, ಮಾಡಿದ್ದನ್ನು ಯಾರೂ ನೆನೆಯಲಿಲ್ಲ ಎನ್ನುವುದೇ ಅವರನ್ನು ಹೆಚ್ಚು ಕೊರೆಯುವುದನ್ನು ಕಂಡಿದ್ದೇನೆ.

ಪಠ್ಯದ ಎಂಟು ಹಂತಗಳ ಕೋಷ್ಟಕದಲ್ಲಿ ಕಾಣದ ಮಾತು ಇನ್ನೊಂದಿದೆ. ಎರಿಕ್ಸನ್ 1994ರಲ್ಲಿ ತೀರಿಕೊಂಡ ಮೇಲೆ ಪತ್ನಿ ಜೋನ್, ತಾವೇ ತೊಂಬತ್ತು ದಾಟಿದ್ದಾಗ, ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಅದು 1997ರಲ್ಲಿ ಪ್ರಕಟವಾಯಿತು. ದೇಹ ಸೋತಾಗ ಹಿಂದಿನ ಹಂತಗಳೆಲ್ಲ ಮತ್ತೆ ಎದುರಾಗುತ್ತವೆ, ಈ ಸಲ ಅಪನಂಬಿಕೆ, ಸಂಕೋಚಗಳೇ ಮುಂದೆ ನಿಲ್ಲುತ್ತವೆ ಎಂದರು. ವಯಸ್ಸು ನಿಮ್ಮ ತಂದೆಗೆ ಅಷ್ಟಾಗಿಲ್ಲದಿದ್ದರೂ ಇದನ್ನು ಅವರ ಮನೆಯಲ್ಲಿಟ್ಟು ನೋಡಿ. ಕೇಳುವ ಮೊದಲೇ ಕಾಫಿ ಕೈಗೆ ಕೊಡುತ್ತಿದ್ದ ಹೆಂಡತಿ ಇಲ್ಲ. ಈಗ ಸೊಸೆಯನ್ನೋ ಮಗಳನ್ನೋ ಕೇಳಬೇಕು, ಕೇಳಲು ಸಂಕೋಚ, ಹಾಗಾಗಿ ಕುಡಿಯದೇ ಕೂರುತ್ತಾರೆ. ಕಾಫಿ ಮಾಡಿಕೊಳ್ಳುವುದನ್ನು ಅವರಿಗೇ ಬಿಟ್ಟುಕೊಡಿ, ಡಿಕಾಕ್ಷನ್ ಇಳಿಸುವುದರಿಂದ ಹಿಡಿದು.

ಇದನ್ನೆಲ್ಲ ಶುರುಮಾಡುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಹತ್ತು ನಿಮಿಷದ ಹಿಂದೆ ಹೇಳಿದ್ದೇ ನೆನಪಿಲ್ಲದೆ ಮತ್ತೆ ಹೇಳುತ್ತಿದ್ದರೆ ಅದು ಬೇರೆ ವಿಷಯ, ಮರೆವಿನ ಪರೀಕ್ಷೆ ಆಗಬೇಕು. ಥೈರಾಯ್ಡ್, ಬಿ12 ಕೂಡ ನೋಡಿಸಿ. ಊಟ, ನಿದ್ರೆ ಬಿಟ್ಟಿದ್ದರೆ ಖಿನ್ನತೆಗೆ ಚಿಕಿತ್ಸೆ ಬೇಕಾಗಬಹುದು, ಕಥೆ ಕೇಳುವುದಷ್ಟೇ ಸಾಲದು. ಸಾಯುವ ಮಾತಾಡಿದರೆ ವಯಸ್ಸಾದವರ ಮಾತು ಎಂದು ತಳ್ಳಿಹಾಕದೆ ತಕ್ಷಣ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೂರುವುದಾದರೆ ಅಮ್ಮನ ಸಾವಿನಿಂದ ಶುರುಮಾಡಬೇಡಿ. ಅವರು ಹುಟ್ಟಿದ ಮನೆ, ಶಾಲೆಗೆ ನಡೆದುಹೋದ ದಾರಿ, ಮೊದಲ ಸಂಬಳ, ಹೀಗೆ ಬನ್ನಿ. ಅಮ್ಮನ ಮಾತು ಮದುವೆಯ ಕಾಲದಿಂದಲೇ ಬರಲಿ. ಆಸ್ಪತ್ರೆಯ ಕೊನೆಯ ದಿನಗಳಷ್ಟೇ ಅಲ್ಲದೆ ಇಡೀ ಸಂಸಾರವೇ ಅವರ ಕಣ್ಣಮುಂದೆ ಇರುತ್ತದೆ. ನೀವೂ ತಾಯಿಯನ್ನು ಕಳೆದುಕೊಂಡವರು, ಆ ಭಾಗ ಕೇಳುವುದು ನಿಮಗೆ ಭಾರವೆನಿಸಿದರೆ ಆ ವಾರ ಸೋದರತ್ತೆಯನ್ನೋ ಚಿಕ್ಕಪ್ಪನನ್ನೋ ಅವರ ಜೊತೆ ಕೂರಿಸಿ.