ಹೊಸ ಡಾಕ್ಟರುಗಳಿಗೆ ಅರಿವಳಿಕೆಯ ಇತಿಹಾಸದ ರುಚಿ ಹತ್ತಿಸುವುದು ಹೇಗೆ?

ಅರಿವಳಿಕೆಯ (ಆಪರೇಷನ್ನಿಗೆ ನೋವು ತಿಳಿಯದಂತೆ ಮಾಡುವ ಅನಸ್ತೇಸಿಯಾದ) ಇತಿಹಾಸದ ಮೇಲೆ ಏನಾದರೂ ಸಂಶೋಧನೆ ಮಾಡಿ ಅಂದರೆ ನಿಮ್ಮ ಪಿ.ಜಿ.ಗಳು, ಅಂದರೆ ಸ್ನಾತಕೋತ್ತರ ಓದುವ ಡಾಕ್ಟರುಗಳು, "ಪರೀಕ್ಷೆಗೆ ಬರಲ್ಲ ಸಾರ್" ಅಂತ ಜಾರಿಕೊಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ವಿಷಯ ಕಲಿಸುವವನು. ಮೊದಲ ಮಾತು: 1846ರ ಅಕ್ಟೋಬರ್ 16ರಿಂದ ಶುರು ಮಾಡಬೇಡಿ. ಅವತ್ತು ಬಾಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್ ಆಪರೇಷನ್ನಿಗೆ ಈಥರ್ ಆವಿ ಕೊಟ್ಟಿದ್ದು ನಮ್ಮವರಿಗೆಲ್ಲ ಗೊತ್ತು. ಅವನಿಗಿಂತ ನಾಲ್ಕು ವರ್ಷ ಮುಂಚೆ ಅಮೆರಿಕದ ಜಾರ್ಜಿಯಾದಲ್ಲಿ ಡಾಕ್ಟರ್ ಕ್ರಾಫರ್ಡ್ ಲಾಂಗ್ ಅದನ್ನೇ ಕೊಟ್ಟಿದ್ದ. 1804ರಲ್ಲೇ ಜಪಾನಿನ ಹನಾಓಕಾ ಸೈಶೂ ಗಿಡಮೂಲಿಕೆಯ ಮದ್ದು ಕುಡಿಸಿ ಸ್ತನದ ಗಡ್ಡೆ ತೆಗೆದಿದ್ದ. ಯಾರು ಮೊದಲು ಅನ್ನುವ ಜಗಳ ಕೇಳಲು ಮಜವಾಗಿರುತ್ತದೆ, ಆದರೆ ಹೊಸಬರಿಗೆ ಅಲ್ಲಿ ಹೆಚ್ಚು ಕೆಲಸ ಉಳಿದಿಲ್ಲ.

ಅದರ ಬದಲು ಒಂದು ಸಾವಿನ ಕೇಸ್ ಕೊಡಿ. ಇಸವಿ, ಹೆಸರು ಏನೂ ಹೇಳದೆ. ಹದಿನೈದು ವರ್ಷದ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಯಬೇಕು. ಹಿಂದೊಮ್ಮೆ ಈಥರ್ ಕೊಟ್ಟಾಗ ದೊಡ್ಡ ತೊಂದರೆ ಏನೂ ಆಗಿರಲಿಲ್ಲ. ಈ ಸಲ ಮೊದಲಿಂದಲೂ ಹೆದರಿದ್ದಾಳೆ. ಬಟ್ಟೆಗೆ ಒಂದು ಟೀ ಚಮಚದಷ್ಟು ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಅರ್ಧ ನಿಮಿಷದಲ್ಲಿ ಕೈ ಬಿಗಿಯಾಯಿತು. ಚಾಕು ತಾಗಿದಾಗ ಕಾಲು ಝಾಡಿಸಿದಳು. ಆಮೇಲೆ ತುಟಿ, ಮುಖ ಬಿಳಚಿಕೊಂಡಿತು. ಮುಖಕ್ಕೆ ನೀರು ಚಿಮುಕಿಸಿದರು, ಬಾಯಿಗೆ ಬ್ರಾಂಡಿ ಹಾಕಿದರು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಈಗ ಕೇಳಿ: ಯಾಕೆ ಸತ್ತಳು?

ಓ.ಟಿ.ಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಒಂದು ವರ್ಷ ನಿಂತವರು ಯಾರೂ ಇದಕ್ಕೆ ಸುಮ್ನೆ ಕೂರುವುದಿಲ್ಲ. ಒಬ್ಬರು ಬ್ರಾಂಡಿ ಶ್ವಾಸನಾಳಕ್ಕೆ ಹೋಯಿತು ಅನ್ನುತ್ತಾರೆ. ಇನ್ನೊಬ್ಬರು ಡೋಸ್ ಜಾಸ್ತಿ ಆಯಿತು ಅನ್ನುತ್ತಾರೆ. ಮೂರನೆಯವರು ಹೆದರಿಕೆಯಿಂದ ಮೈಯಲ್ಲಿ ಅಡ್ರಿನಲಿನ್ ಉಕ್ಕಿ ಹೃದಯದ ಲಯ ತಪ್ಪಿತು ಅನ್ನುತ್ತಾರೆ. ಆಗ ಹೆಸರು ಹೇಳಿ. ಹ್ಯಾನಾ ಗ್ರೀನರ್, ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರದ ಊರಿನವಳು, 1848ರ ಜನವರಿ 28. ಕ್ಲೋರೋಫಾರ್ಮ್ ಬಳಕೆಗೆ ಬಂದು ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ಅದನ್ನು ಬಳಕೆಗೆ ತಂದ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನ್ ದೂರಿದ್ದು ಬ್ರಾಂಡಿಯನ್ನೇ. (ತನ್ನ ಮದ್ದನ್ನು ಯಾರು ದೂರುತ್ತಾರೆ, ಅಲ್ವಾ?) ಲಂಡನ್ನಿನಲ್ಲಿ ಅರಿವಳಿಕೆ ಕೊಡುತ್ತಿದ್ದ ಡಾಕ್ಟರ್ ಜಾನ್ ಸ್ನೋ ಒಪ್ಪಲಿಲ್ಲ. ಬಟ್ಟೆಯಿಂದ ಕೊಟ್ಟರೆ ಆವಿ ಎಷ್ಟು ಗಾಢವಾಗಿ ಒಳಗೆ ಹೋಗುತ್ತದೆ ಅಂತ ಹಿಡಿತವೇ ಇರುವುದಿಲ್ಲ, ಅದು ನೇರ ಹೃದಯಕ್ಕೆ ಹೊಡೆಯಿತು ಅಂದ. ನಿಮ್ಮ ಪಿ.ಜಿ.ಗಳ ವಾದವನ್ನೇ ಇವರಿಬ್ಬರೂ ಆಗಲೇ ಮಾಡಿದ್ದರು.

ಕುತೂಹಲ ಹುಟ್ಟಿತು ಅನ್ನಿಸಿದರೆ ಹೈದರಾಬಾದಿನ ಕಥೆಗೆ ಕರೆದುಕೊಂಡು ಹೋಗಿ. 1888 ಮತ್ತು 1889ರಲ್ಲಿ ನಿಜಾಮರ ಹಣದಲ್ಲಿ ಅಲ್ಲಿದ್ದ ಬ್ರಿಟಿಷ್ ಸರ್ಜನ್ ಎಡ್ವರ್ಡ್ ಲಾರಿ ಎರಡು ಕ್ಲೋರೋಫಾರ್ಮ್ ಕಮಿಷನ್ (ತನಿಖಾ ಸಮಿತಿ) ನಡೆಸಿದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಮೊದಲು ನಿಲ್ಲುವುದು ಉಸಿರು, ಹೃದಯಕ್ಕೆ ಹೆದರಬೇಕಿಲ್ಲ ಅಂತ ತೀರ್ಮಾನ ಕೊಟ್ಟ. 1911ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ತೆಳುವಾಗಿ ಕ್ಲೋರೋಫಾರ್ಮ್ ಕೊಟ್ಟು ಅಡ್ರಿನಲಿನ್ ಚುಚ್ಚಿದ. ಹೃದಯ ಕಂಪಿಸಿ ನಿಂತಿತು. ಅಂದರೆ ಅಪಾಯ ಇದ್ದದ್ದು ಗಾಢ ಅರಿವಳಿಕೆಯಲ್ಲಷ್ಟೇ ಅಲ್ಲ, ತೆಳು ಅರಿವಳಿಕೆಯಲ್ಲೂ. ಅಷ್ಟೊಂದು ಪ್ರಯೋಗ ಮಾಡಿಯೂ ಹೈದರಾಬಾದಿನವರು ಅದನ್ನು ಹೇಗೆ ತಪ್ಪಿಸಿಕೊಂಡರು? ಇದು ನಿಜವಾದ ಸಂಶೋಧನೆಯ ಪ್ರಶ್ನೆ. ಇದನ್ನು ಬಿಡಿಸಲು ಇತಿಹಾಸಕಾರರಿಗಿಂತ ಓ.ಟಿ.ಯಲ್ಲಿ ನಿಂತು ಗೊತ್ತಿರುವ ಹುಡುಗ ಹುಡುಗಿಯರೇ ವಾಸಿ.

ಹಳೇ ಕಾಗದ ಇಷ್ಟವಿಲ್ಲದವರೂ ಇರುತ್ತಾರೆ. ಅವರನ್ನು ನಿವೃತ್ತ ಅರಿವಳಿಕೆ ತಜ್ಞರ ಮನೆಗೆ ಕಳಿಸಿ. ಪಲ್ಸ್ ಆಕ್ಸಿಮೀಟರ್ ಇಲ್ಲದ ದಿನಗಳಲ್ಲಿ ರೋಗಿಯ ಉಗುರು, ತುಟಿಯ ಬಣ್ಣ ನೋಡುತ್ತಾ, ನಾಡಿ ಮೇಲೆ ಬೆರಳಿಟ್ಟುಕೊಂಡು ಕೇಸ್ ಮುಗಿಸಿದವರು ಇನ್ನೂ ಇದ್ದಾರೆ. ಹಳೇ ಓ.ಟಿ. ಟೆಕ್ನಿಷಿಯನ್‌ಗಳನ್ನೂ ಮರೆಯಬೇಡಿ. ಯಂತ್ರ ಎಲ್ಲಿ ಕೈಕೊಡುತ್ತಿತ್ತು ಅಂತ ಡಾಕ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಲಿ, ರೋಗಿಗಳ ಹೆಸರು ಬರದಿರಲಿ.

ಇನ್ನೊಂದು, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಡ್ಯೂಟಿ ಮುಗಿಸಿ ಬಂದ ಮೇಲೆ ಈ ಸಂಶೋಧನೆ ರಾತ್ರಿ ಮಾಡಲಿ ಅಂತ ಬಿಟ್ಟರೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು. ವಾರಕ್ಕೆ ಒಂದು ಮಧ್ಯಾಹ್ನ ಅವರನ್ನು ಆಪರೇಷನ್ ಲಿಸ್ಟಿನಿಂದ ಬಿಡಿಸಿ. ಬರಹ ಅಚ್ಚಾದಾಗ ಅವರ ಹೆಸರು ಮೊದಲಿರಲಿ, ನಿಮ್ಮದು ಕೊನೆಗೆ.

ಶುರು ಮಾಡಲು ಸಾಮಗ್ರಿ ಬೇಕಾದರೆ, ಸ್ನೋ ಕ್ಲೋರೋಫಾರ್ಮ್ ಬಗ್ಗೆ ಬರೆದ ಪುಸ್ತಕ ಅವನು ತೀರಿಕೊಂಡ 1858ರಲ್ಲೇ ಬಂತು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕ್ಲೋರೋಫಾರ್ಮ್ ಸಾವುಗಳನ್ನು ಅದರಲ್ಲಿ ಒಂದೊಂದಾಗಿ ಬಿಡಿಸಿ ಬರೆದಿದ್ದಾನೆ. ಒಬ್ಬೊಬ್ಬರಿಗೆ ಒಂದೊಂದು ಕೇಸ್ ಹಂಚಿ, ಎರಡು ವಾರ ಬಿಟ್ಟು ಅದರ ಮೇಲೆ ಮಾತಾಡಲು ಹೇಳಿ.