ಇಸಿಜಿ ನಾರ್ಮಲ್, ಆದರೂ ಎದೆ ಡವಡವ

ಪ್ರಶ್ನೆ: ನನಗೆ 34 ವರ್ಷ, ಊರು ದಾವಣಗೆರೆ. ಆರು ತಿಂಗಳ ಹಿಂದೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು, ಉಸಿರು ಕಟ್ಟಿತು, ಬೆರಳು ಜುಮ್ಮೆಂದವು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲಾ ನಾರ್ಮಲ್. ಆಮೇಲೂ ಹಲವು ಸಲ ಹೀಗಾಯಿತು. ಈಗ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆ ಬರೆದಿದ್ದಾರೆ. ಅಭ್ಯಾಸ ಆಗಿಬಿಡುತ್ತೆ, ಬೇಡ ಅಂತಾರೆ ಮನೆಯವರು. ಏನು ಮಾಡಲಿ?

ಉತ್ತರ: ನೀವು ಬರೆದಿರುವುದು ಪ್ಯಾನಿಕ್ ಡಿಸಾರ್ಡರ್‌ಗೆ ಹೊಂದುತ್ತದೆ. ಆತಂಕದ ಕಾಯಿಲೆಗಳಲ್ಲಿ ಇದೂ ಒಂದು. ಹೃದಯದ ಪರೀಕ್ಷೆ ಆಯ್ತಲ್ವಾ, ಸಮಾಧಾನಕ್ಕೆಂದು ಸುಮ್ನೆ ಮತ್ತೆ ಮತ್ತೆ ಮಾಡಿಸಬೇಡಿ. ಆದರೆ ಮೆಟ್ಟಿಲು ಹತ್ತುವಾಗ ಎದೆ ನೋವು ಬಂದರೆ ತಡಮಾಡದೆ ತೋರಿಸಿ.

ಭಯವಾದಾಗ ಅಡ್ರಿನಲಿನ್ ಎಂಬ ಹಾರ್ಮೋನ್ ಏರಿ ಎದೆಬಡಿತ ಜೋರಾಗುತ್ತದೆ. ಉಸಿರಾಟ ಜಾಸ್ತಿಯಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು ಅದಕ್ಕೇ. ಸಾಮಾನ್ಯವಾಗಿ 10 ನಿಮಿಷದೊಳಗೆ ಈ ಭಯ ಪೂರ್ತಿ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಆದರೆ ಅಷ್ಟರೊಳಗೆ ನೀವು ಬಸ್ಸಿಳಿದಿರುತ್ತೀರಿ. ಇಳಿದಿದ್ದಕ್ಕೇ ಬದುಕಿದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಕಾಯಿಲೆ ಬೆಳೆಯುವುದೇ ಹೀಗೆ.

ಮನೆಯವರ ಭಯ ಸುಳ್ಳಲ್ಲ, ಆದರೆ ಅದು ಬೇರೆ ಮಾತ್ರೆಗೆ ಸಲ್ಲಬೇಕಾದದ್ದು. ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ತಕ್ಷಣ ಆರಾಮ ಕೊಡುತ್ತವೆ, ತಿಂಗಳುಗಟ್ಟಲೆ ನುಂಗಿದರೆ ಬಿಡುವುದು ಕಷ್ಟ. ಬೇಕಾದರೂ ಕೆಲವೇ ವಾರ, ವೈದ್ಯರು ಹೇಳಿದಷ್ಟೇ. ಎಸ್ಸಿಟಾಲೋಪ್ರಾಮ್ ಆ ಗುಂಪಿನದಲ್ಲ, ಚಟ ಹಿಡಿಸುವುದಿಲ್ಲ. ಗುಣ ಕಾಣಲು 2ರಿಂದ 6 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಉಲ್ಟಾ ಜಾಸ್ತಿಯಾಗಬಹುದು. ಅದಕ್ಕೇ ಕಡಿಮೆ ಡೋಸ್‌ನಿಂದ ಶುರು ಮಾಡುವುದು. ಬಹಳ ಜನ ಮಾತ್ರೆ ಬಿಡುವುದು ಇದೇ ವಾರದಲ್ಲಿ! ಆರಾಮಾದ ಮೇಲೂ ಹೆಚ್ಚುಕಡಿಮೆ ಒಂದು ವರ್ಷ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವಾಗಲೂ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ.

ಮಾತ್ರೆಯೊಂದೇ ನಿಮ್ಮನ್ನು ಬಸ್ ಹತ್ತಿಸುವುದಿಲ್ಲ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯನ್ನೂ ಕೇಳಿ. ಅದರಲ್ಲಿ ಥೆರಪಿಸ್ಟ್ ಎದುರಿನಲ್ಲೇ ಬೇಕೆಂದೇ ಜೋರಾಗಿ ಉಸಿರಾಡಿಸುತ್ತಾರೆ, ಕುರ್ಚಿಯಲ್ಲಿ ಗಿರಗಿರ ತಿರುಗಿಸುತ್ತಾರೆ. ಎದೆ ಹೊಡೆದುಕೊಂಡರೂ ಏನೂ ಆಗಲ್ಲ ಅಂತ ನಿಮಗೇ ಗೊತ್ತಾಗಲಿ ಎಂದು. ನಂತರ ಬಸ್ಸಿನಲ್ಲಿ ಒಂದು ಸ್ಟಾಪ್, ಆಮೇಲೆ ನಾಲ್ಕು, ಆಮೇಲೆ ಹರಿಹರದವರೆಗೆ. ಭಯ ಬಂದರೂ ಇಳಿಯುವಂತಿಲ್ಲ. ಧೈರ್ಯಕ್ಕೆಂದು ಜೇಬಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳುವುದನ್ನೂ ಕೊನೆಗೆ ಬಿಡಿಸುತ್ತಾರೆ.

ಥೆರಪಿಸ್ಟ್ ಎಲ್ಲಿ ಸಿಗುತ್ತಾರೆ ಅಂತ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ.